ಬಾಯಲ್ಲಿ ನೀರು ತುಂಬಿಕೊಂಡು ಓದಿದ್ದು

ಮಕ್ಕಳೇ, ನಾನು ಬಾಯಿ ತುಂಬ ನೀರು ಇಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತು ಓದುತ್ತಿದ್ದ ಬೇಸಿಗೆ ನಿಮಗೆ ನೆನಪಿರಬೇಕು. ನೀವಿಬ್ಬರೂ ನನ್ನನ್ನು ನಗಿಸಲೆಂದು ಎದುರು ನಿಂತು ಮುಖ ಸೊಟ್ಟ ಮಾಡುತ್ತಿದ್ದಿರಿ. ಒಮ್ಮೆ ನೀರೆಲ್ಲ ಪುಸ್ತಕದ ಮೇಲೆಯೇ ಬಿತ್ತು. ಅಜ್ಜಿಗೆ ಹಲ್ಲುನೋವು ಎಂದು ನಿಟ್ಟುವಳ್ಳಿಯ ನಮ್ಮ ಓಣಿಗೆಲ್ಲ ಸಾರಿದವರೂ ನೀವೇ. ಅದು ಹಲ್ಲುನೋವಲ್ಲ. ಏನೆಂದು ಹೇಳಲು ಆಗ ನನಗೆ ನಾಚಿಕೆಯಾಗಿತ್ತು. ಎದುರು ಕೂತು ಹೇಳಲು ಈಗಲೂ ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ಪಿ.ಜೆ. ಬಡಾವಣೆಯಲ್ಲಿ ಕ್ಲಿನಿಕ್ಕಿನ ಮೇಲಿರುವ ನಮ್ಮ ಕಚೇರಿಯನ್ನು ನೀವು ನೋಡಿದ್ದೀರಿ. ಅಕ್ಕಿ ಗಿರಣಿ, ಶಾಲೆ, ಹೋಟೆಲು, ಸಣ್ಣ ಕಾರ್ಖಾನೆಗಳ ನೌಕರರ ಪಿ.ಎಫ್. ಮತ್ತು ಪಿಂಚಣಿಯ ಕೆಲಸವನ್ನು ಅಲ್ಲಿ ಮಾಡಿಕೊಡುತ್ತೇವೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮೊದಲ ಸಲ ಆ ಮೆಟ್ಟಿಲು ಹತ್ತಿದ್ದು ಕೆಲಸ ಕೇಳಲು ಅಲ್ಲ, ಅಜ್ಜನ ಪಿ.ಎಫ್. ಹಣ ಬಿಡಿಸಿಕೊಳ್ಳಲು. ಕಚೇರಿಯ ಯಜಮಾನರು ಕಾಗದ ತಿರುವಿ ನೋಡಿ, "ಅಕ್ಕ, ಇದರ ಜೊತೆ ನಿಮಗೆ ತಿಂಗಳ ಪಿಂಚಣಿನೂ ಬರ್ತೈತೆ. ಯಾರೂ ಹೇಳಲಿಲ್ಲೇನು?" ಎಂದರು. ಯಾರೂ ಹೇಳಿರಲಿಲ್ಲ. ಆ ಪಿಂಚಣಿ ಕೊಡಿಸಿದವರೂ ಅವರೇ, ಆಮೇಲೆ ಕರೆದು ಕೆಲಸ ಕೊಟ್ಟವರೂ ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಅವರ ಮಾತಿಗೆ ಒಲ್ಲೆನೆಂದದ್ದನ್ನು ಬರೆಯಬೇಕಾಗಿದೆ.

ಹರಿಹರದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಪಿ.ಎಫ್. ಕೆಲಸ ಹಲವು ವರ್ಷದಿಂದ ನಮ್ಮದೇ. ಆ ವರ್ಷ ಅವರು ಪಿ.ಎಫ್. ಅಲ್ಲದೆ ಇನ್ನೊಂದು ಪಿಂಚಣಿ ಯೋಜನೆಯನ್ನು ಕೆಲಸಗಾರರಿಗೆ ಕೊಡುವುದೆಂದು ತೀರ್ಮಾನಿಸಿದರು. ಕಂಪನಿ ಎಲ್ಲರ ಹೆಸರಿಗೂ ತನ್ನ ಪಾಲು ಹಾಕುತ್ತದೆ. ಅದರ ಮೇಲೆ ಸಂಬಳದಿಂದ ಇನ್ನಷ್ಟು ಹಿಡಿಸುವುದು ಅವರವರ ಇಷ್ಟ. ಕಟ್ಟಿದ ಹಣವನ್ನು ನಡುವೆ ಸುಲಭವಾಗಿ ತೆಗೆಯಲು ಬರುವುದಿಲ್ಲ. ಕೆಲಸದಿಂದ ನಿವೃತ್ತರಾದಾಗ ಒಂದು ಭಾಗ ಕೈಗೆ ಸಿಗುತ್ತದೆ, ಉಳಿದ ಭಾಗದಿಂದ ತಿಂಗಳ ಪಿಂಚಣಿ ಬರುತ್ತದೆ. ಹಣದಲ್ಲಿ ಎಷ್ಟು ಪಾಲು ಷೇರಿಗೆ, ಎಷ್ಟು ಪಾಲು ಸರ್ಕಾರಿ ಸಾಲಪತ್ರಕ್ಕೆ, ತಮ್ಮ ನಂತರ ಯಾರಿಗೆ ಎಂಬುದನ್ನೆಲ್ಲ ಪ್ರತಿಯೊಬ್ಬರೂ ಆರಿಸಬೇಕು. ಆರಿಸಲು ಸಲಹೆ ಕೊಡುವವರು ಮಾತ್ರ ನಿವೃತ್ತಿ ಸಲಹೆಗಾರರ ಪರೀಕ್ಷೆ ಪಾಸಾಗಿ, ನೋಂದಣಿ ಪಡೆದಿರಬೇಕು. ನಮ್ಮ ಕಚೇರಿಯಲ್ಲಿ ಅಂಥವರು ಯಾರೂ ಇರಲಿಲ್ಲ.

ಯಜಮಾನರು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಅಕ್ಕ, ಆ ಪರೀಕ್ಷೆ ನೀವು ಕಟ್ಟಿಬಿಡ್ರಿ."

"ನಾನಾ ಸರ್?"

"ಮತ್ತೆ ನಾನಾ? ಅಲ್ಲಿ ಪ್ಯಾಕಿಂಗ್‌ನಾಗೆ ಇರೋರೆಲ್ಲ ಹೆಣ್ಮಕ್ಕಳು. ನನ್ನ ಕಂಡ್ರೆ ಸೆರಗು ಹೊದ್ಕೊಂಡು ಗೋಡೆ ನೋಡ್ತಾರೆ."

"ನಾನೂ ಗೋಡೆ ನೋಡೋಳೇ ಸರ್."

"ಅದಕ್ಕೇ ಹೇಳಿದ್ದು. ಎಲ್ರೂ ಒಂದೇ ಗೋಡೆ ನೋಡ್ಕೊಂತ ಮಾತಾಡ್ರಿ."

ನಮ್ಮಲ್ಲಿ ಸಲಹೆಗಾರರು ಸಿದ್ಧವಾಗದಿದ್ದರೆ ಹೊರಗಿನ ಯಾವುದೋ ಏಜೆನ್ಸಿ ಬಂದು ಎಲ್ಲರಿಂದಲೂ ಒಂದೇ ಮಧ್ಯಾಹ್ನ ಸಹಿ ಹಾಕಿಸಿಕೊಂಡು ಹೋಗುತ್ತದೆ ಎಂದರು. ಪಿಂಚಣಿಯ ವಿಷಯ ಯಾರೂ ಹೇಳದೆ ಇದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಒಪ್ಪಿಕೊಂಡೆ.

ನಾನು ಓದಿದ ಶಾಲೆಯಲ್ಲಿ ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬರೇ ಮೇಷ್ಟ್ರು. ಅವರು ಒಂದು ತರಗತಿಗೆ ಬರೆಸುವಾಗ ಉಳಿದ ಮೂರು ತರಗತಿ ಗಟ್ಟಿಯಾಗಿ ಓದುತ್ತಿರಬೇಕು. ದನಿ ನಿಂತರೆ ಓದು ನಿಂತಿದೆ ಎಂದೇ ಅರ್ಥ. ಹಾಗೆ ಕಲಿತವಳು ನಾನು. ಮಗ್ಗಿ, ಪದ್ಯ, ಜಿಲ್ಲೆಗಳ ಹೆಸರು ಎಲ್ಲವೂ ನನ್ನ ಬಾಯಲ್ಲಿತ್ತೇ ಹೊರತು ಕಣ್ಣಲ್ಲಿ ಇರಲಿಲ್ಲ. ಮದುವೆಯಾದ ಮೇಲೆ ಅಂಚೆ ತೆರಪಿನ ಶಿಕ್ಷಣದಲ್ಲಿ ಬಿ.ಎ. ಮಾಡಿದ್ದೂ ರೊಟ್ಟಿ ತಟ್ಟುತ್ತಾ ಗಟ್ಟಿಯಾಗಿ ಓದಿಯೇ. ಈ ಪರೀಕ್ಷೆಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ಪದಗಳ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದುಕೊಂಡು, ಒಂದೊಂದು ಪುಟವನ್ನೂ ರಾಗ ಹಾಕಿ ಬಾಯಿಪಾಠ ಮಾಡಿದೆ. ಪುಸ್ತಕ ಮುಚ್ಚಿದರೂ ಪುಟದ ಮೇಲಿನಿಂದ ಕೆಳಗಿನವರೆಗೆ ಹೇಳಬಲ್ಲೆನಾಗಿದ್ದೆ.

ಪರೀಕ್ಷೆ ಹುಬ್ಬಳ್ಳಿಯಲ್ಲಿ. ನಿಮ್ಮಪ್ಪ ಗ್ಯಾರೇಜು ಬಿಟ್ಟು ಬರುತ್ತೇನೆಂದ. ಬೇಡವೆಂದು ಒಬ್ಬಳೇ ರೈಲು ಹತ್ತಿದೆ. ಅಲ್ಲಿ ಬಾಗಿಲಲ್ಲೇ ಚೀಲ, ಫೋನು, ಕೈಗಡಿಯಾರ ಇಟ್ಟುಕೊಂಡರು. ಕ್ಯಾಮೆರಾದ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ಗೀಚಲು ಒಂದು ಹಾಳೆ, ಒಂದು ಪೆನ್ಸಿಲು ಕೊಟ್ಟು ಕಂಪ್ಯೂಟರಿನ ಮುಂದೆ ಕೂಡಿಸಿದರು. ಪರದೆಯ ಮೂಲೆಯಲ್ಲಿ ಉಳಿದ ಸಮಯ ಇಳಿಯುತ್ತಿತ್ತು. ಕೋಣೆಯ ತುಂಬ ಹುಡುಗರು. ಎಷ್ಟು ಮೌನವೆಂದರೆ ಫ್ಯಾನಿನ ಸದ್ದು ನನ್ನ ತಲೆಯೊಳಗೇ ತಿರುಗುತ್ತಿತ್ತು.

ಮೊದಲ ಪ್ರಶ್ನೆಯನ್ನು ಓದಿದೆ. ಮೇಲ್ವಿಚಾರಕರು ಬಂದು ನನ್ನ ಪಕ್ಕ ಬಗ್ಗಿದರು.

"ಅಮ್ಮ, ಯಾರ ಜೊತೆ ಮಾತಾಡಾಕ ಹತ್ತೀರಿ?"

"ಯಾರ ಜೊತೆನೂ ಇಲ್ಲ ಸರ್. ಓದ್ತಾ ಇದ್ದೀನಿ."

"ಮನಸ್ಸಿನಾಗ ಓದ್ರಿ."

ಮನಸ್ಸಿನಲ್ಲಿ ಓದಿದೆ. ಅಥವಾ ಹಾಗೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. "ಅಮ್ಮ, ತುಟಿ ಅಳ್ಳಾಡ್ತಾವು. ಕ್ಯಾಮೆರಾದಾಗ ಕಾಣ್ತೈತಿ. ಇನ್ನೊಂದು ಸಲ ಆದ್ರ ನಾ ಎಬ್ಬಿಸಿ ಕಳಿಸಬೇಕಾಗ್ತೈತಿ." ಸುತ್ತಲಿನ ತಲೆಗಳೆಲ್ಲ ನನ್ನತ್ತ ತಿರುಗಿದವು. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಬಾಯಿ ನಿಂತಿತು, ಅದರ ಜೊತೆಗೆ ಕಲಿತದ್ದೆಲ್ಲವೂ ನಿಂತುಹೋಯಿತು. ಪುಟದ ಮೇಲಿನ ತುದಿ ಸಿಕ್ಕದೆ ನಡುವಿನ ಸಾಲು ನನಗೆ ಬರುತ್ತಿರಲಿಲ್ಲ.

ಇನ್ನೊಂದು ತಪ್ಪನ್ನೂ ಮಾಡಿದೆ. ತಪ್ಪು ಉತ್ತರಕ್ಕೆ ಬಂದ ಅಂಕದಲ್ಲಿ ಸ್ವಲ್ಪ ಕಳೆಯುತ್ತಾರೆ, ಬಿಟ್ಟದ್ದಕ್ಕೆ ಕಳೆಯುವುದಿಲ್ಲ ಎಂದು ಮೊದಲೇ ತೋರಿಸಿದ್ದರು. ಓದಿಯೂ ಇದ್ದೆ. ಆದರೆ ನಮ್ಮ ಮೇಷ್ಟ್ರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ತಪ್ಪು ಬರೆದವರಿಗೆ ಬೈಗುಳ, ಏನೂ ಬರೆಯದವರಿಗೆ ಬೆತ್ತ. ನನ್ನ ಕೈ ಒಂದನ್ನೂ ಬಿಡಲಿಲ್ಲ. ಗೊತ್ತಿಲ್ಲದ್ದಕ್ಕೂ ಏನಾದರೊಂದು ಒತ್ತಿಬಂದೆ.

ಮುಗಿಸುವ ಗುಂಡಿ ಒತ್ತಿದ ತಕ್ಷಣ ಫಲಿತಾಂಶ ಅಲ್ಲೇ ಬಂತು. ನಪಾಸು.

ಬರುವಾಗ ರೈಲು ತುಂಗಭದ್ರೆಯ ಸೇತುವೆ ದಾಟಿ ಹರಿಹರದಲ್ಲಿ ನಿಂತಿತು. ಕೆಲಸ ಬಿಟ್ಟ ಹೆಂಗಸರು ಊಟದ ಡಬ್ಬಿಯ ಚೀಲ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಗುತ್ತಾ ಹೋಗುತ್ತಿದ್ದರು. ಅವರು ಆ ಕಾರ್ಖಾನೆಯವರೇ ಆಗಿರಬೇಕಿಲ್ಲ. ಆದರೂ ನಾನು ಕಿಟಕಿಯಿಂದ ಮುಖ ಒಳಗೆ ಎಳೆದುಕೊಂಡೆ.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಹೋಗ್ಲಿ ಬಿಡ್ರಿ. ನನ್ನ ಭಾವಮೈದುನ ಇದೇ ಪರೀಕ್ಷೆ ಪಾಸಾಗ್ಯಾನೆ, ನೋಂದಣಿನೂ ಐತೆ. ಆತನ ಹೆಸರು ಹಾಕೋಣ. ಹೋಗಿ ಕೂತು ಹೇಳೋರು ನೀವು" ಎಂದರು.

"ಅವ್ರು ಬರ್ತಾರಾ ಸರ್?"

"ಆತ ಯಾಕ ಬರ್ತಾನೆ? ಆತಂದು ಬೆಳಗಾವ್ಯಾಗೆ ಬ್ಯಾರೆ ವ್ಯಾಪಾರ ಐತೆ. ಹೆಸರು ಇದ್ರೆ ಸಾಕು. ಎಲ್ಲಾ ಕಡೆ ಹಿಂಗೇ ನಡೀತೈತೆ ಅಕ್ಕ."

ನಾನು ತಲೆ ತಗ್ಗಿಸಿ ನಿಂತೆ. ಅವರು ಅದನ್ನು ಹೂಂ ಎಂದು ತಿಳಿದುಕೊಂಡರು. ನಾನೂ ಹಾಗೆಯೇ ಬಿಟ್ಟೆ.

ಮುಂದಿನ ವಾರ ಹರಿಹರಕ್ಕೆ ಹೋದೆ. ಸಲಹೆ ಕೊಡಲು ಅಲ್ಲ, ಪಿ.ಎಫ್.ಗೆ ನಾಮಿನಿ ಹೆಸರು ಸೇರಿಸದೆ ಬಿಟ್ಟವರ ವಿವರ ತೆಗೆದುಕೊಳ್ಳಲು. ಅದು ನನ್ನ ದಿನದ ಕೆಲಸವೇ. ಯಜಮಾನರು ಹೊಸ ಯೋಜನೆಯ ಅರ್ಜಿಗಳನ್ನೂ ಒಂದು ಕಟ್ಟು ಮುದ್ರಿಸಿ ಕೊಟ್ಟಿದ್ದರು, ಹಂಚಿ ಬರಲಿ ಎಂದು. ಕೆಳಗೆ ಸಲಹೆಗಾರರ ಜಾಗದಲ್ಲಿ ಭಾವಮೈದುನನ ಹೆಸರು ಆಗಲೇ ಅಚ್ಚಾಗಿತ್ತು.

ಪ್ಯಾಕಿಂಗ್ ವಿಭಾಗದ ಹೆಂಗಸರು ಊಟದ ಹೊತ್ತಿನಲ್ಲಿ ರಟ್ಟಿನ ಡಬ್ಬಗಳನ್ನು ಬಿಚ್ಚಿ ನೆಲಕ್ಕೆ ಹಾಸಿಕೊಂಡು ಸಾಲಾಗಿ ಕೂಡುತ್ತಿದ್ದರು. ನನಗೊಂದು ಕುರ್ಚಿ ತಂದರು. ಕುರ್ಚಿಯ ಮೇಲೆ ಒಬ್ಬಳೇ ಎತ್ತರದಲ್ಲಿ ಕೂಡಲು ಮುಜುಗರವಾಗಿ ನಾನೂ ರಟ್ಟಿನ ಮೇಲೆಯೇ ಕೂತೆ. ಅವರಲ್ಲಿ ಹಿರಿಯವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ನಿವೃತ್ತಿಗೆ ಕೆಲವೇ ವರ್ಷ ಉಳಿದವಳು. ಮಂಡಿನೋವಿಗೆ ಕಾಲು ಚಾಚಿಯೇ ಕೂಡುವವಳು. ಮಂಡಕ್ಕಿಯ ಪೊಟ್ಟಣವನ್ನು ನನ್ನ ಕಡೆ ಸರಿಸಿ ನೇರವಾಗಿ ವಿಷಯಕ್ಕೆ ಬಂದಳು.

"ತಿನ್ರಿ ಅಕ್ಕಾರೆ. ಈ ಹೊಸದಕ್ಕೆ ಸಂಬಳದಾಗೆ ಹಿಡಿಸ್ಲೋ ಬ್ಯಾಡೋ? ಅಷ್ಟು ಹೇಳ್ರಿ ಸಾಕು."

"ನಂಗೆ ಅದನ್ನ ಹೇಳೋ ಅಧಿಕಾರ ಇಲ್ಲಮ್ಮ."

"ಯಾಕ? ನೀವು ಆ ಆಫೀಸಿನೋರಲ್ವಾ?"

"ಅದಕ್ಕೊಂದು ಪರೀಕ್ಷೆ ಐತೆ. ಪಾಸಾಗಬೇಕು."

"ಮತ್ತೆ ಆಗ್ರಿ!"

"ಹೋದ ವಾರ ಬರೆದೆ. ನಪಾಸಾದೆ."

ಯಾಕೆ ಹೇಳಿದೆನೋ ಗೊತ್ತಿಲ್ಲ. ಮನೆಯಲ್ಲಿ ಕೂಡ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಸಾಲಿನುದ್ದಕ್ಕೂ ನಗು ಎದ್ದಿತು. ಕೆಟ್ಟ ನಗುವಲ್ಲ. "ನನ್ನ ಮಗ್ಳು ಎಸ್ಸೆಲ್ಸಿ ಮೂರು ಸಲ ಬರೆದ್ಲು, ನೀವು ಒಂದಕ್ಕೇ ಮಖ ಸಣ್ಣ ಮಾಡ್ಕೊಂಡೀರಲ್ಲ" ಎಂದು ಒಬ್ಬಳು ಅಂದಳು. ಅಷ್ಟರಲ್ಲಿ ದೊಡ್ಡಕ್ಕ ಅರ್ಜಿಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಿದ್ದಳು.

"ಇಲ್ಲಿ ಯಾರ್ದೋ ಹೆಸರು ಐತಲ್ಲ. ಈತ ಯಾರು?"

"ಸಲಹೆಗಾರರು."

"ಬರ್ತಾನಾ?"

"ಇಲ್ಲ. ಬರಲ್ಲ."

"ನನ್ನ ಮಂಡಿ ನೋಡದೋನು, ನನ್ನ ಮನೆ ನೋಡದೋನು, ನಂಗೇನು ಹೇಳ್ತಾನೆ?" ದೊಡ್ಡಕ್ಕ ಅರ್ಜಿಯನ್ನು ನನ್ನ ಮಡಿಲಿಗೆ ಹಾಕಿದಳು. "ನೀವೇ ಪಾಸಾಗಿ ಬರ್ರಿ ಅಕ್ಕಾರೆ. ನಾವೇನು ಎಲ್ಲೂ ಓಡಿ ಹೋಗಲ್ಲ. ನಂಗಂತೂ ಈ ಮಂಡಿಯಾಗೆ ಓಡಾಕೂ ಆಗಲ್ಲ."

ಅರ್ಜಿಗಳ ಕಟ್ಟನ್ನು ಹಂಚದೆ ವಾಪಸು ತಂದೆ. ಬಸ್ಸಿನಲ್ಲಿ ಬರುವಾಗ ಎಲ್ಲ ಮಾತನ್ನೂ ಜೋಡಿಸಿಕೊಂಡೆ. ಬೆಳಿಗ್ಗೆ ಯಜಮಾನರು ಬಂದು ಕೂತು, ಚಹಾದ ಲೋಟ ನನ್ನ ಕಡೆಗೂ ಒಂದು ಸರಿಸಿದರು. ಜೋಡಿಸಿಕೊಂಡದ್ದರಲ್ಲಿ ಒಂದೇ ಪದ ಉಳಿದಿತ್ತು.

"ಬ್ಯಾಡ ಸರ್."

"ಚಹಾ ಬ್ಯಾಡೇನು?"

"ಚಹಾ ಅಲ್ಲ ಸರ್. ಆ ಹೆಸರು ಬ್ಯಾಡ."

ಅವರು ಲೋಟ ಕೆಳಗಿಟ್ಟರು. "ಅಕ್ಕ, ನಾನೇನು ಸುಳ್ಳು ಹೇಳ್ರಿ ಅಂದೆನಾ? ಹೇಳೋ ಮಾತು ನಿಮ್ಮದೇ ಅಲ್ವಾ?"

"ಮಾತು ನಂದು, ಹೆಸರು ಅವ್ರದ್ದು. ನಾಳೆ ನನ್ನ ಮಾತು ತಪ್ಪಾದ್ರೆ ಆ ಹೆಣ್ಮಕ್ಕಳು ಯಾರನ್ನ ಕೇಳ್ಬೇಕು ಸರ್?"

ಅವರು ನನಗೆ ಅನ್ನಕ್ಕೆ ದಾರಿ ಮಾಡಿಕೊಟ್ಟವರು. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ಕಾರ್ಖಾನೆಯೋರಿಗೆ ಏನು ಹೇಳ್ಲಿ?"

"ಇನ್ನೊಂದು ಸಲ ಬರೀತೀನಿ ಸರ್. ಆಗಲೂ ಆಗದಿದ್ರೆ ಬ್ಯಾರೆಯೋರು ಬರ್ಲಿ."

"ಬ್ಯಾರೆಯೋರು ಬಂದ್ರೆ ಅಲ್ಲಿ ನಮ್ಮ ಪಿ.ಎಫ್. ಕೆಲಸನೂ ಹೋಗ್ತೈತೆ, ಗೊತ್ತೈತಾ?"

"ಗೊತ್ತೈತೆ."

"ಗೊತ್ತಿದ್ದೂ ಹೇಳ್ತೀರಾ!" ಎಂದು ಎದ್ದುಹೋದರು. ಎರಡು ದಿನ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮೂರನೆಯ ದಿನ, ಕಾರ್ಖಾನೆಯವರನ್ನು ಒಪ್ಪಿಸಿ ಅರ್ಜಿ ತುಂಬಿಸುವ ದಿನಾಂಕವನ್ನು ಮುಂದಕ್ಕೆ ಹಾಕಿಸಿದ್ದೇನೆ, ಇನ್ನು ಹಾಕಿಸಲು ಆಗದು ಎಂದಷ್ಟೇ ಹೇಳಿದರು.

ನೀರು ಬಂದದ್ದು ಆಗ. ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತಾ ನಿಂತಿದ್ದಾಗ, ಬಾಯಲ್ಲಿ ನೀರಿದ್ದರೆ ತುಟಿ ಆಡುವುದಿಲ್ಲವಲ್ಲ ಎಂದು ಹೊಳೆಯಿತು. ಒಂದು ಗುಟುಕು ತುಂಬಿಕೊಂಡು ಪುಸ್ತಕ ತೆರೆದೆ. ಒಂದು ಪ್ಯಾರಾ ಮುಗಿಯುವುದರೊಳಗೆ ನುಂಗಿಬಿಟ್ಟೆ. ಮತ್ತೆ ತುಂಬಿಕೊಂಡೆ. ನುಂಗಿದರೆ ಪುಟದ ಮೊದಲಿನಿಂದ ಓದಬೇಕೆಂದು ನಾನೇ ಕಟ್ಟಳೆ ಮಾಡಿಕೊಂಡೆ. ಮೊದಲ ವಾರ ಹೊಟ್ಟೆ ತುಂಬ ನೀರು ಕುಡಿದದ್ದೇ ಆಯಿತು, ಓದು ಸಾಗಲಿಲ್ಲ. ನಿಮ್ಮಮ್ಮ ಸಾರಿಗೆ ಹುಣಸೆಹಣ್ಣು ಹಾಕಲೇ ಎಂದು ಕೇಳಿದರೆ ನಾನು ಗಳಗಳ ಸದ್ದು ಮಾಡುತ್ತಿದ್ದೆ. ಅವಳು ಅದನ್ನು ಎರಡೆರಡು ಸಲ ಹೂಂ ಎಂದು ತಿಳಿದಳು. ಆ ವಾರದ ಹುಳಿ ಸಾರು ನಿಮಗೆ ನೆನಪಿರಬೇಕು.

ಬಾಯಿ ಮುಚ್ಚಿದರೆ ರಾಗವಿಲ್ಲ, ರಾಗವಿಲ್ಲದಿದ್ದರೆ ನನಗೆ ನೆನಪು ನಿಲ್ಲುವುದಿಲ್ಲ. ಹಾಗಾದರೆ ಏನನ್ನು ಹಿಡಿದುಕೊಳ್ಳಬೇಕು? ಒಂದು ಮಧ್ಯಾಹ್ನ, ವಯಸ್ಸಾದಂತೆ ಷೇರಿನ ಪಾಲನ್ನು ತಾನಾಗಿಯೇ ಕಡಿಮೆ ಮಾಡುವ ವ್ಯವಸ್ಥೆಯ ಅಧ್ಯಾಯ ಓದುತ್ತಿದ್ದೆ. ಎಷ್ಟು ಓದಿದರೂ ತಲೆಗೆ ಹೋಗಲಿಲ್ಲ. ಇದನ್ನು ಆ ಎಸ್ಸೆಲ್ಸಿ ಮಗಳ ತಾಯಿ ಕೇಳಿದರೆ ಹೇಗೆ ಹೇಳಲಿ ಎಂದುಕೊಂಡೆ. ಅವಳಿಗೆ ಇನ್ನೂ ವಯಸ್ಸಿದೆ, ಷೇರಿನ ಏರಿಳಿತ ತಡೆದುಕೊಳ್ಳಬಹುದು. ದೊಡ್ಡಕ್ಕನಿಗೆ ಕಾಯಲು ವರ್ಷಗಳಿಲ್ಲ. ಎರಡೇ ನಿಮಿಷದಲ್ಲಿ ಅಧ್ಯಾಯ ಬಿಡಿಸಿಕೊಂಡಿತು. ಅಂದಿನಿಂದ ಪ್ರತಿ ಅಧ್ಯಾಯಕ್ಕೂ ಆ ರಟ್ಟಿನ ಸಾಲಿನ ಒಬ್ಬೊಬ್ಬರನ್ನು ಕೂಡಿಸಿದೆ. ಗಂಡನ ಜೊತೆ ಇಬ್ಬರ ಹೆಸರಿಗೂ ಬರುವ ಪಿಂಚಣಿ ಒಬ್ಬಳಿಗೆ, ಅಸಲನ್ನು ಮಕ್ಕಳಿಗೆ ಹಿಂತಿರುಗಿಸುವ ಪಿಂಚಣಿ ಇನ್ನೊಬ್ಬಳಿಗೆ, ಕೆಲಸ ಬದಲಾದರೂ ಖಾತೆ ಜೊತೆಗೇ ಹೋಗುತ್ತದೆ ಎಂಬುದು ಹೊಸದಾಗಿ ಸೇರಿದ ಹುಡುಗಿಗೆ. ಅವರು ಕೇಳುತ್ತಿದ್ದರು, ನಾನು ಬಾಯಿ ತುಂಬ ನೀರಿಟ್ಟುಕೊಂಡೇ ಉತ್ತರ ಕೊಡುತ್ತಿದ್ದೆ.

ಎರಡನೆಯ ಸಲ ಹುಬ್ಬಳ್ಳಿಗೆ ಹೋದಾಗ ಅದೇ ಮೇಲ್ವಿಚಾರಕರಿದ್ದರು. ನನ್ನನ್ನು ನೋಡಿ ಗುರುತು ಹಿಡಿದು, "ಬಂದ್ರಾ ಅಮ್ಮ? ಈ ಸಲ?" ಎಂದರು.

"ಮಾತಾಡಲ್ಲ ಸರ್."

ಮಾತಾಡಲಿಲ್ಲ. ತುಟಿ ಎಷ್ಟು ಬಿಗಿಯಾಗಿತ್ತೆಂದರೆ ಆಮೇಲೆ ದವಡೆ ನೋಯುತ್ತಿತ್ತು. ಗೊತ್ತಿದ್ದದ್ದಕ್ಕೆ ಉತ್ತರ ಒತ್ತಿದೆ. ಅನುಮಾನವಿದ್ದವನ್ನು ಗುರುತು ಮಾಡಿಟ್ಟು ಕೊನೆಗೆ ಮತ್ತೆ ನೋಡಿದೆ. ಆಗಲೂ ಗೊತ್ತಾಗದ ಕೆಲವನ್ನು ಖಾಲಿ ಬಿಟ್ಟೆ. ಮಕ್ಕಳೇ, ಇಡೀ ಪರೀಕ್ಷೆಯಲ್ಲಿ ಕಷ್ಟವಾದದ್ದು ಅದೇ. ಖಾಲಿ ಜಾಗ ಬಿಟ್ಟು ಮುಂದೆ ಹೋಗುವಾಗ ಅಂಗೈ ಚುರುಗುಟ್ಟಿತು, ಮೇಷ್ಟ್ರು ಹಿಂದೆಯೇ ನಿಂತಿದ್ದಾರೆ ಎಂಬಂತೆ.

ಗುಂಡಿ ಒತ್ತಿದೆ. ಪಾಸು. ಬೇಕಾದದ್ದಕ್ಕಿಂತ ಸ್ವಲ್ಪವೇ ಹೆಚ್ಚು. ನಾನು ಅಲುಗಾಡದೆ ಕೂತಿದ್ದನ್ನು ಕಂಡು ಮೇಲ್ವಿಚಾರಕರು ಬಂದು ಪರದೆ ನೋಡಿ, "ಈಗ ಬಾಯಿ ಬಿಡ್ರಿ ಅಮ್ಮ" ಎಂದರು.

ನೋಂದಣಿಗೆ ಅರ್ಜಿ, ಗುರುತಿನ ದಾಖಲೆ, ಪದವಿಯ ಪ್ರತಿ ಎಲ್ಲವನ್ನೂ ಯಜಮಾನರೇ ಕೂತು ಕಳಿಸಿದರು. ನೋಂದಣಿಯ ಸಂಖ್ಯೆ ಬಂದ ದಿನ ಹಳೆಯ ಅರ್ಜಿಗಳ ಕಟ್ಟನ್ನು ತಾವೇ ಹರಿದು ಬುಟ್ಟಿಗೆ ಹಾಕಿ, ಹೊಸದರಲ್ಲಿ ನನ್ನ ಹೆಸರು ಅಚ್ಚು ಹಾಕಿಸಿದರು. "ತಪ್ಪಾದ್ರೆ ನಿಮ್ಮನ್ನೇ ಕೇಳ್ತಾರೆ ಈಗ" ಎಂದರು. "ಕೇಳ್ಲಿ ಸರ್" ಎಂದೆ. ಇಬ್ಬರೂ ಚಹಾ ಕುಡಿದೆವು.

ಹರಿಹರದಲ್ಲಿ ರಟ್ಟು ಹಾಸಿತ್ತು. ಈ ಸಲ ಕುರ್ಚಿ ತರಲಿಲ್ಲ. ಆದರೆ ಯಾರೂ ಹತ್ತಿರ ಬರಲಿಲ್ಲ. ಮೊದಲು ಯಾರಾದರೂ ಹೋಗಲಿ ಎಂದು ಎಲ್ಲರೂ ದೊಡ್ಡಕ್ಕನ ಮುಖ ನೋಡಿದರು. ಅವಳು ಕಾಲು ಚಾಚಿಕೊಂಡು ನನ್ನೆದುರು ಕೂತಳು.

ಸಲಹೆಗೆ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು. ಅವುಗಳಲ್ಲಿ ಒಂದು, ನಿಮ್ಮ ನಂತರ ಯಾರಿಗೆ ಎಂಬುದು. ನಮ್ಮ ಕಡೆ ಬದುಕಿರುವ ಮನುಷ್ಯರ ಮುಖಕ್ಕೆ ಅದನ್ನು ಕೇಳುವುದುಂಟೇ? ಹೋಗುತ್ತೇನೆ ಎನ್ನಬೇಕಾದಲ್ಲೂ ಬರುತ್ತೇನೆ ಎನ್ನುವವರು ನಾವು. ಪುಸ್ತಕದಲ್ಲಿ ಅದಕ್ಕೆ ಉಪಾಯವಿರಲಿಲ್ಲ. ನಾನು ಗೋಡೆ ನೋಡಿದೆ. ಆಮೇಲೆ ಹೇಳಿದೆ: "ನಮ್ಮನೆಯವ್ರು ಇದ್ದಾಗ ಈ ಮಾತು ಅವ್ರನ್ನ ಯಾರೂ ಕೇಳಲಿಲ್ಲ ದೊಡ್ಡಕ್ಕ. ಅವ್ರು ಹೋದ ಮೇಲೆ ನಂಗೂ ಏನೂ ಗೊತ್ತಿರಲಿಲ್ಲ. ಅದಕ್ಕೇ ನಾನು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

ಅಷ್ಟು ಜನರ ಮುಂದೆ ನಿಮ್ಮ ಅಜ್ಜನ ಮಾತು ಎತ್ತಿದ್ದು ಅದೇ ಮೊದಲು. ದೊಡ್ಡಕ್ಕ ನಿಧಾನವಾಗಿ ತನ್ನ ಮನೆಯನ್ನೆಲ್ಲ ಹೇಳಿದಳು. ಗಂಡನ ಕಣ್ಣು ಮಂಜಾಗಿದೆ, ಕೆಲಸ ಬಿಟ್ಟಿದ್ದಾನೆ. ತನ್ನ ಮಂಡಿಗೆ ಡಾಕ್ಟರು ಆಪರೇಷನ್ ಹೇಳಿದ್ದಾರೆ, ಇಂದೋ ನಾಳೆಯೋ ಮಾಡಿಸಬೇಕು. ಕಾರ್ಖಾನೆಯಲ್ಲಿ ಎಲ್ಲರೂ ಹೆಚ್ಚು ಹಿಡಿಸಿ ಎನ್ನುತ್ತಿದ್ದಾರೆ, ಅದಕ್ಕೆ ತಾನೂ ಎಷ್ಟಾಗುತ್ತದೋ ಅಷ್ಟೂ ಹಿಡಿಸಬೇಕೆಂದಿದ್ದಾಳೆ.

ನಮ್ಮ ಸಲಹೆಯ ಶುಲ್ಕ ಕಟ್ಟಿದ ಹಣದ ಲೆಕ್ಕದ ಮೇಲೆ ಬರುವುದರಿಂದ, ಹೆಚ್ಚು ಜನ ಹೆಚ್ಚು ಹಿಡಿಸಿದರೆ ನಮ್ಮ ಕಚೇರಿಗೆ ಲಾಭ. ಅದು ನನಗೆ ಗೊತ್ತಿತ್ತು. ಯಜಮಾನರೂ ಬಾಗಿಲ ಹತ್ತಿರ ಕಾರ್ಖಾನೆಯ ಮ್ಯಾನೇಜರರ ಜೊತೆ ನಿಂತಿದ್ದರು.

"ಕಂಪನಿ ಹಾಕೋ ಪಾಲು ಬರ್ಲಿ, ಅದು ನಿಮ್ಮದೇ" ಎಂದೆ. "ನಿಮ್ಮ ಸಂಬಳದಾಗೆ ಮಾತ್ರ ಹಿಡಿಸಬ್ಯಾಡ್ರಿ. ಅಲ್ಲಿ ಹಾಕಿದ್ದು ಬೇಕಂದಾಗ ಸಲೀಸಾಗಿ ಕೈಗೆ ಬರಲ್ಲ. ನಿಮಗೆ ಮಂಡಿಗೆ ಬೇಕು, ಅವ್ರ ಕಣ್ಣಿಗೆ ಬೇಕು. ಬ್ಯಾಂಕಿನಾಗೆ ಕೈಗೆ ಸಿಗೋ ಹಂಗೆ ಇಟ್ಕೊಳ್ರಿ."

"ಬ್ಯಾಡ ಅಂತೀರಾ?"

"ಬ್ಯಾಡ."

ದೊಡ್ಡಕ್ಕ ನನ್ನನ್ನೇ ನೋಡಿದಳು. "ಇದನ್ನ ಹೇಳಾಕೆ ಎರಡು ಸಲ ಪರೀಕ್ಷೆ ಬರೆದ್ರಾ?"

"ಹೂಂ."

ಬಾಗಿಲ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಅರ್ಜಿಯಲ್ಲಿ ಅವಳ ಆಯ್ಕೆಯ ಮುಂದೆ ಗುರುತು ಹಾಕಿ, ಕೆಳಗೆ ನನ್ನ ಹೆಸರಿನ ಎದುರು ಸಹಿ ಮಾಡಿದೆ. ದೊಡ್ಡಕ್ಕ ಕೈಯೂರಿ ಏಳುತ್ತಾ, ಗೋಡೆಗೆ ಒರಗಿ ನಿಂತವರ ಕಡೆ ತಿರುಗಿದಳು.

"ಏ, ಬರ್ರೇ ಎಲ್ಲ. ಈಯಮ್ಮ ಬ್ಯಾಡ ಅಂತಾನೂ ಹೇಳ್ತಾರೆ."

ಒಬ್ಬೊಬ್ಬರಾಗಿ ಬಂದು ರಟ್ಟಿನ ಮೇಲೆ ಕೂತರು.